ಟಾಟಾ ಮೊಬೈಲ್ 206: ಹಿಂದೆ ಎಡಕ್ಕೆ ವಾಲಿದೆ, ಪಾಟಾ ಬದಲಿಸಬೇಕಾ?

ಗಂಜ್‌ಹುಡುಗ, ಕಲಬುರಗಿ
ನಮಸ್ಕಾರ. ಅಪ್ಪ ತೊಗರಿ ಹೊರಲು ಇಟ್ಟುಕೊಂಡಿದ್ದ 206 ಪಿಕಪ್ ಈಗ ನನ್ನ ಕೈಗೆ ಬಂದಿದೆ. ನೆಹರು ಗಂಜ್‌ಗೆ ಎಷ್ಟು ಸಲ ಹೋಗಿ ಬಂದಿದೆಯೋ ಲೆಕ್ಕ ಇಲ್ಲ. ಈಗ ಭಾರ ಹಾಕಲ್ಲ, ಭಾನುವಾರದ ಗಾಡಿ. ಆದರೂ ಖಾಲಿ ನಿಂತಾಗಲೇ ಹಿಂದೆ ಎಡಗಡೆ ಕುಸಿದಿದೆ. ಗುಂಡಿ ಬಂದರೆ ಕಿರ್ರ್ ಅನ್ನುತ್ತೆ. ಹೋದ ವರ್ಷವೇ ಒಂದು ಗ್ಯಾರೇಜಿನಲ್ಲಿ ಪಾಟಾ (ಉಕ್ಕಿನ ಪಟ್ಟಿ ಜೋಡಿಸಿದ ಸ್ಪ್ರಿಂಗ್) ಬಿಚ್ಚಿಸಿ, ಪಟ್ಟಿಗಳಿಗೆ ಮತ್ತೆ ಬಾಗು ಬರಲಿ ಅಂತ ಕಮಾನು ಹೊಡೆಸಿದ್ದೆ. ಇನ್ನೊಂದು ಪಟ್ಟಿ ಸೇರಿಸಲಾ, ಪೂರ್ತಿ ಸೆಟ್ ಹೊಸದು ಹಾಕಲಾ?

ಬೀದರ್‌ಜೀಪು
ಸುಮ್ನೆ ಪಟ್ಟಿ ಸೇರಿಸಬೇಡಿ ಅಣ್ಣ. ಖಾಲಿ ಗಾಡಿಗೆ ಪಟ್ಟಿ ಜಾಸ್ತಿ ಆದರೆ ಬೆನ್ನುಮೂಳೆ ನಿಮ್ಮದೇ ಹೋಗೋದು. ಮೊದಲು ಅಳತೆ ತೆಗೆಯಿರಿ. ಸಮ ನೆಲ, ಎರಡೂ ಟೈರಿಗೆ ಒಂದೇ ಗಾಳಿ. ಚಾಸಿ ಅಡಿಯಿಂದ ಹೌಸಿಂಗ್ (ಹಿಂದಿನ ಆಕ್ಸಲ್‌ನ ಕವಚ) ಮೇಲಿನವರೆಗೆ ಎರಡೂ ಕಡೆ ಎಷ್ಟಿದೆ? ಆಮೇಲೆ ಮುಂದಿನ ಕ್ರಾಸ್ ಮೆಂಬರಿನ (ಚಾಸಿಯ ಅಡ್ಡತೊಲೆ) ನಟ್ಟನಡುವೆ ಜಾಕ್ ಕೊಟ್ಟು ಎತ್ತಿ. ಹಿಂದಿನ ವಾಲು ಹೋಯಿತು ಅಂದರೆ ತೊಂದರೆ ಮುಂದಿದೆ. ಹಾಗೇ ಉಳಿಯಿತು ಅಂದರೆ ಹಿಂದೆಯೇ.

ಬಿಸಿಲೂರ ಬಂಡಿ
ಪಾಟಾ ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಬಾರದಾ? ಅಮೆರಿಕದ ಹಳೇ ಶೆವ್ರೊಲೆ ಸಿ10ಗೆ ಹಿಂದೆ ಕಾಯಿಲೇ ಇದೆ, ವಿಡಿಯೋದಲ್ಲಿ ನೋಡಿದೆ.

ಬೀದರ್‌ಜೀಪು
ಇತ್ತು, 1960ರಿಂದ 1972ರವರೆಗೆ. 1973ರ ಮಾಡೆಲ್‌ನಲ್ಲಿ ಅವರೂ ಪಾಟಾಕ್ಕೆ ವಾಪಸ್ ಬಂದರು. ಕಾಯಿಲ್ ಭಾರ ಮಾತ್ರ ಹೊರುತ್ತೆ. ಆಕ್ಸಲ್ ಹಿಂದೆ ಮುಂದೆ, ಆಚೆ ಈಚೆ ಸರಿಯದಂತೆ ಹಿಡಿಯಲು ಬೇರೆ ಆರ್ಮು, ರಾಡು ಬೇಕು. ಪಾಟಾ ಎರಡೂ ಕೆಲಸ ಒಂದೇ ಮಾಡುತ್ತೆ.

ಗಂಜ್‌ಹುಡುಗ
ಎಡ 132 ಮಿ.ಮೀ., ಬಲ 150. ಮುಂದೆ ಎತ್ತಿದರೂ ವಾಲು ಹೋಗಲಿಲ್ಲ. ಇನ್ನೊಂದು ಹೇಳೋದು ಮರೆತೆ. ಹಿಂದೆ ಬೈಕಿನಲ್ಲಿ ಬರ್ತಿದ್ದ ಗೆಳೆಯ, ಗಾಡಿ ಮೈ ಓರೆ ಮಾಡಿಕೊಂಡು ಓಡ್ತಿದೆ ಅಂದ.

ಹಳೇಸ್ಪ್ಯಾನರ್, ಯಾದಗಿರಿ
ತಮ್ಮಾ, ಮೊದಲು ಹೇಳಬೇಕಾದ್ದು ಕೊನೆಗೆ ಹೇಳಿದೆಯಲ್ಲ! 1988ರಲ್ಲಿ ಈ ಗಾಡಿ ಬಂದಾಗ ನಾನು ಸ್ಪ್ಯಾನರ್ ಹಿಡಿಯೋದು ಕಲಿಯುತ್ತಿದ್ದೆ. ಅಂದಿನಿಂದ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಪಾಟಾದ ಮುಂದಿನ ಪಿನ್‌ನಿಂದ ಹೌಸಿಂಗ್ ನಡುವಿನವರೆಗೆ ಎರಡೂ ಕಡೆ ಅಳೆ. ವ್ಯತ್ಯಾಸ ಬಂದರೆ ಸೆಂಟರ್ ಬೋಲ್ಟ್ ಕಟ್ ಆಗಿದೆ ಅಂತ ತಿಳಿ.

ಸೆಂಟರ್ ಬೋಲ್ಟ್ ಅಂದರೆ ಪಟ್ಟಿಗಳ ನಡುವಿನ ತೂತಿನಲ್ಲಿ ಕೂತು ಬರೀ ಜಾಗ ತೋರಿಸುವ ಗೂಟ. ಪಾಟಾವನ್ನು ಹೌಸಿಂಗ್‌ಗೆ ಬಿಗಿಯಾಗಿ ಹಿಡಿಯೋದು ಯು ಆಕಾರದ ಯು ಬೋಲ್ಟ್. ಅದು ಸಡಿಲ ಆದರೆ ಹೌಸಿಂಗ್ ಎಳೆತವೆಲ್ಲ ಆ ಗೂಟದ ಮೇಲೆ ಬೀಳುತ್ತೆ. ಪಟ್ಟಿಗಳೂ ತೂತಿನ ಹತ್ತಿರವೇ ಬಾಗಿ ಬಾಗಿ ಅಲ್ಲೇ ಸೀಳುತ್ತವೆ. ನೋಡುವವರೆಗೆ ಹೈವೇಗೆ ಹೋಗಬೇಡಪ್ಪ.

ಗಂಜ್‌ಹುಡುಗ
ಕಾಕಾ, ಎಡಗಡೆ ಹೌಸಿಂಗ್ 19 ಮಿ.ಮೀ. ಹಿಂದೆ ಸರಿದಿದೆ! ಯು ಬೋಲ್ಟ್ ನಟ್ ಒಂದೇ ಕೈಯಲ್ಲಿ ತಿರುಗಿತು. ಬಿಚ್ಚಿದರೆ ಸೆಂಟರ್ ಬೋಲ್ಟಿನ ತಲೆಯೇ ಇಲ್ಲ. ಮೂರನೇ ಪಟ್ಟಿ ತೂತಿನ ಮೇಲೆ ಅಡ್ಡ ಸೀಳಿದೆ. ಕಮಾನು ಹೊಡೆದವರು ಮತ್ತೆ ಬಿಗಿ ಮಾಡಿಸಲು ಬಾ ಅಂತ ಹೇಳಲೇ ಇಲ್ಲ.

ಹಳೇಸ್ಪ್ಯಾನರ್
ವಾಲಿದ್ದಕ್ಕೂ ಓರೆಯಾಗಿದ್ದಕ್ಕೂ ಅದೇ ಕಾರಣ. ಪೂರ್ತಿ ಸೆಟ್ ಬೇಡ. ಚಾಸಿಗೆ ಸ್ಟ್ಯಾಂಡ್ ಕೊಡು, ಜಾಕ್ ನಂಬಿ ಕೆಳಗೆ ನುಗ್ಗಬೇಡ. ಸೆಂಟರ್ ಬೋಲ್ಟ್ ತೆಗೆಯುವ ಮುಂಚೆ ಪಟ್ಟಿಗಳಿಗೆ ಕ್ಲಾಂಪ್ ಹಾಕು, ಇಲ್ಲಾಂದ್ರೆ ಸಿಡಿದು ಬಿಚ್ಚಿಕೊಳ್ಳುತ್ತವೆ. ಹೊಸ ಪಟ್ಟಿ ಹಳೆಯದರಷ್ಟೇ ದಪ್ಪ ಇರಲಿ. 7 ಮಿ.ಮೀ. ಬದಲು 8 ಹಾಕಿದರೆ ಆ ಪಟ್ಟಿಯ ಬಿಗುವು ಸುಮಾರು ಒಂದೂವರೆ ಪಟ್ಟು ಆಗುತ್ತೆ, ಆಗ ಗಾಡಿ ಇನ್ನೊಂದು ಕಡೆ ವಾಲುತ್ತೆ. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಗ್ಗಿಸುತ್ತೇವೆ ಅಂದರೆ ಎದ್ದು ಬಾ, ಪಾಟಾದ ಪಾನ, ಅಂದರೆ ಉಕ್ಕಿಗೆ ಕೊಟ್ಟ ಗಡಸು, ಹೋಗುತ್ತೆ.

ಯು ಬೋಲ್ಟ್ ನಾಲ್ಕೂ ಹೊಸದು ಹಾಕು. ಹಳೆಯದರ ಮರೆ (ತಿರುಪಿನ ಗೆರೆ) ಎಳೆದಿರುತ್ತೆ. ಒಂದೇ ಕಡೆ ಬಿಗಿಯದೆ ಅಡ್ಡಡ್ಡ ಸ್ವಲ್ಪ ಸ್ವಲ್ಪ ಬಿಗಿ. ಪಿನ್ನಿನ ರಬ್ಬರ್ ಬುಶ್ ಇದ್ದರೆ ಗಾಡಿ ಚಕ್ರದ ಮೇಲೆ ನಿಂತ ಮೇಲೆ ಕೊನೆಯ ಬಿಗಿ ಕೊಡು. ಮೇಲೆತ್ತಿದ್ದಾಗ ಬಿಗಿದರೆ ಬುಶ್ ತಿರುಚಿ ಹರಿಯುತ್ತೆ. 500 ಕಿ.ಮೀ. ಆದ ಮೇಲೆ ಯು ಬೋಲ್ಟ್ ಮತ್ತೆ ನೋಡು.

ನಮ್ಮ ಕಡೆಯ ಎರಿ ಮಣ್ಣು ಪಟ್ಟಿ ನಡುವೆ ಸೇರಿ ಒಣಗಿರುತ್ತೆ. ತಂತಿ ಬ್ರಷ್‌ನಿಂದ ಉಜ್ಜಿ ತೆಗೆದು, ಗ್ರಾಫೈಟ್ ಗ್ರೀಸ್ ತೆಳ್ಳಗೆ ಸವರು.

ಗಂಜ್‌ಹುಡುಗ
ಕೆಲಸ ಮುಗಿಯಿತು. ಈಗ ಎಡ ಬಲ ವ್ಯತ್ಯಾಸ 4 ಮಿ.ಮೀ. ಅಷ್ಟೇ. ಹುಮನಾಬಾದ್‌ಗೆ ಹೋಗಿ ಬಂದೆ, ನೆಟ್ಟಗೆ ಓಡ್ತಿದೆ. 500 ಕಿ.ಮೀ. ಆದ ಮೇಲೆ ನೋಡಿದರೆ ಯು ಬೋಲ್ಟ್ ನಟ್ ಅರ್ಧ ಸುತ್ತು ತಿರುಗಿತು ಕಾಕಾ! ಕಿರ್ರ್ ಮಾತ್ರ ಹಾಗೇ ಇದೆ. ಹುಡುಕಿದರೆ ಅದು ಹಿಂದಿನ ಡಾಲಾದ (ಹಿಂಬದಿ ಬಾಗಿಲು) ಕೊಂಡಿ.