ಕೂಟದ ಹಿರಿಯ ಅರ್ಥಧಾರಿಯ ಉತ್ತರಕ್ರಿಯೆ: ನುಡಿನಮನ ಹೇಗೆ ಮಾಡುವುದು?

ಸಂಜೆಕೂಟ: ನಮ್ಮದು ವಾರದ ತಾಳಮದ್ದಳೆ ಕೂಟ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಪದ್ಯ, ಮಾತಿನಲ್ಲೇ ನಡೆಸುವ ಯಕ್ಷಗಾನ. ಕೂಟದ ಹಿರಿಯ ಹವ್ಯಾಸಿ ಅರ್ಥಧಾರಿ (ಪದ್ಯಕ್ಕೆ ಪಾತ್ರವಾಗಿ ಮಾತಾಡುವವರು) ತೀರಿಕೊಂಡಿದ್ದಾರೆ. ಕರ್ಣನ ಅರ್ಥಕ್ಕೆ ಹೆಸರಾದವರು. ಭಾನುವಾರ ಉಡುಪಿ ಹತ್ತಿರದ ಹಾಲ್‌ನಲ್ಲಿ ಉತ್ತರಕ್ರಿಯೆ. ಹದಿನೈದು ಮಂದಿ ಹೋಗುವವರಿದ್ದೇವೆ, ಹೆಚ್ಚಿನವರಿಗೆ ಮನೆಯವರ ಪರಿಚಯ ಇಲ್ಲ. ನುಡಿನಮನ ಎಷ್ಟು ಹೊತ್ತು? ಅಲ್ಲಿಯೇ ಒಂದು ಗಂಟೆ ‘ಕರ್ಣಾವಸಾನ’ (ಕರ್ಣನ ಕೊನೆಯ ಪ್ರಸಂಗ) ಮಾಡುವ ಅಂತ ಕೆಲವರ ಆಸೆ. ಸರಿಯಾ?

ಮದ್ದಳೆದನಿ: ಆ ದಿನ ತಾಳಮದ್ದಳೆ ಬೇಡ. ಬೆಳಿಗ್ಗೆ ಮನೆಯವರು ಕ್ರಿಯೆಯಲ್ಲಿರುತ್ತಾರೆ, ಹನ್ನೆರಡೂವರೆ ಹೊತ್ತಿಗೆ ಊಟದ ಪಂಕ್ತಿ. ಅದಕ್ಕೆ ಮೊದಲಿನ ಇಪ್ಪತ್ತು ನಿಮಿಷದಲ್ಲಿ ಊರಿನವರೂ ಮಾತಾಡಲಿಕ್ಕುಂಟು. ಕೂಟದ ಪರವಾಗಿ ಒಬ್ಬರೇ, ಐದು ನಿಮಿಷ. ಪೀಠಿಕೆ ಹಾಕಿ ಬೆಳೆಸುವುದು ಅರ್ಥಧಾರಿಗಳ ಅಭ್ಯಾಸ, ಆದ್ದರಿಂದ ಒಂದು ಪುಟ ಬರೆದುಕೊಂಡು ಓದಿ. ‘ಸಜ್ಜನರು, ಸರಳರು’ ಎಂದು ಎಲ್ಲರೂ ಹೇಳುತ್ತಾರೆ. ನೀವು ಅವರ ಕರ್ಣನನ್ನು ಹೇಳಿ: ಯಾವ ಪದ್ಯಕ್ಕೆ ಎಂಥ ಅರ್ಥ ಹೇಳುತ್ತಿದ್ದರು, ಎದುರು ಅರ್ಥಧಾರಿ ತಡವರಿಸಿದಾಗ ಹೇಗೆ ಮಾತಿನ ಎಳೆ ಕೊಟ್ಟು ಎತ್ತುತ್ತಿದ್ದರು. ಮನೆಯವರು ಕಂಡದ್ದು ರಾತ್ರಿ ಕೂಟಕ್ಕೆ ಹೊರಟವರನ್ನು. ಅಲ್ಲಿ ಅವರು ಏನಾಗಿದ್ದರೆಂದು ಹೇಳಬಲ್ಲವರು ನೀವು ಮಾತ್ರ.

ಪದ್ಯ ಹಾಡುವ ಭಾಗವತರಿದ್ದರೆ ಮನೆಯವರನ್ನು ಕೇಳಿ ಒಂದು ಪದ್ಯ, ಮದ್ದಳೆ ಮಾತ್ರ, ಚೆಂಡೆ ಬೇಡ. ಮುಚ್ಚಿದ ಹಾಲ್‌ನಲ್ಲಿ ಚೆಂಡೆಯ ಪೆಟ್ಟು ಗೋಡೆಗೆ ಬಡಿದು ಪದ್ಯದ ಸಾಹಿತ್ಯವೇ ಕೇಳುವುದಿಲ್ಲ.

ಬ್ರಹ್ಮಾವರದಾಕೆ: ಹದಿನೈದು ಮಂದಿ ಒಟ್ಟಿಗೆ ಮುತ್ತಬೇಡಿ. ಹನ್ನೊಂದೂಕಾಲಕ್ಕೆ ತಲುಪಿ, ಪಟಕ್ಕೆ ಹೂ ಹಾಕಿ, ಮನೆಯ ಹಿರಿಯರಿಗೆ ಇಬ್ಬರು ಪರಿಚಯ ಹೇಳಿದರೆ ಸಾಕು. ಶುದ್ಧವಾದ ನಂತರದ ಊಟ ಅದು, ಉಣ್ಣದೆ ಎದ್ದರೆ ಅವರಿಗೆ ಬೇಸರ. ಹೊರಡುವಾಗ ‘ಹೋಗಿ ಬರ್ತೇವೆ’ ಅನ್ನುವ ಕ್ರಮ ಇಲ್ಲ, ಸುಮ್ಮನೆ ಹೊರಡುವುದು.

ಪಟದ್ದೊಂದು ವಿಷಯ. ಹಾರ ಹಾಕುವ ಪಟ ಮನೆಯವರದ್ದೇ ಇರಲಿ. ಅವರು ಕೂಟದಲ್ಲಿ ಶಾಲು ಹೊದ್ದು ಅರ್ಥ ಹೇಳುವ ಫೋಟೊ ನೀವು ಕೊಡುವುದಾದರೆ ವಾಟ್ಸಾಪ್‌ನಲ್ಲಿ ಬಂದದ್ದನ್ನು ಪ್ರಿಂಟಿಗೆ ಹಾಕಬೇಡಿ, ಅದು ಕುಗ್ಗಿರುತ್ತದೆ, ಮುಖ ಮಸುಕಾಗುತ್ತದೆ. ತೆಗೆದವರಿಂದ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. 12x18 ಇಂಚಿಗೆ 2400x3600 ಪಿಕ್ಸೆಲ್ ಆದರೂ ಬೇಕು. ಅವರ ಪ್ರಸಂಗ ಪುಸ್ತಕ (ಕಥೆಯ ಪದ್ಯಗಳ ಪುಸ್ತಕ) ಯಾರ ಬಳಿಯಾದರೂ ಇದ್ದರೆ ಆ ದಿನ ಗದ್ದಲದಲ್ಲಿ ಕೊಡಬೇಡಿ, ವಾರ ಬಿಟ್ಟು ಮನೆಗೆ ಮುಟ್ಟಿಸಿ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿ ಇದ್ದರೆ ಒಪ್ಪಿಗೆ ಕೇಳಿ ಸ್ಕ್ಯಾನ್ ಮಾಡಿಡಿ. ಆ ಕೈಬರಹ ಇನ್ನೊಂದು ಸಿಗುವುದಿಲ್ಲ.

ಪಡುಬಿದ್ರೆ ಶ್ರುತಿ: ತಾಳಮದ್ದಳೆ ತಿಂಗಳು ಕಳೆದು ಮಾಡಿ, ಮನೆಯವರನ್ನು ಕರೆಯಿರಿ. ಆದರೆ ‘ಕರ್ಣಾವಸಾನ’ ಬೇಡ. ರಥಚಕ್ರ ಹೂತು ಕರ್ಣ ಬೀಳುವುದನ್ನು ಹೆಂಡತಿ ಮಕ್ಕಳು ಎದುರಲ್ಲಿ ಕೂತು ಕೇಳಬೇಕಾ? ‘ಕರ್ಣಭೇದನ’ ಇಟ್ಟುಕೊಳ್ಳಿ, ಕೃಷ್ಣ, ಕುಂತಿ ಕರ್ಣನನ್ನು ಪಾಂಡವರ ಕಡೆಗೆ ಸೆಳೆಯಲು ನೋಡುವ ಪ್ರಸಂಗ. ಅದೇ ಕರ್ಣ, ಸಾವಿಲ್ಲ, ಮಾತಿಗೆ ಬೇಕಾದಷ್ಟು ಜಾಗ. ಕೃಷ್ಣ, ಕರ್ಣ ಇಬ್ಬರಿದ್ದರೆ ಹದಿನೈದು ಪದ್ಯಕ್ಕೆ ಒಂದೂವರೆ ಗಂಟೆ. ಪದ್ಯಗಳಿಗೆ ಭಾಗವತರ ಜೊತೆ ಮೊದಲೇ ಗುರುತು ಹಾಕಿ.

ಮೈಕ್ ನಾಲ್ಕು: ಭಾಗವತರಿಗೆ, ಮದ್ದಳೆಗೆ, ಅರ್ಥಕ್ಕೆ ಎರಡು. ಸ್ಪೀಕರ್ ಮೈಕಿಗಿಂತ ಮುಂದೆ, ಸಭೆಯ ಕಡೆ ಮುಖ ಮಾಡಿರಲಿ. ಹಿಂದೆ ಇಟ್ಟರೆ ಕೂಯ್ ಅನ್ನುತ್ತದೆ. ಮಳೆಗಾಲವಾದರೆ ಮದ್ದಳೆಯನ್ನು ಅರ್ಧ ಗಂಟೆ ಮೊದಲೇ ಹಾಲ್‌ನೊಳಗೆ ತಂದಿಡಿ. ತಂಡಿಗೆ ಚರ್ಮ ಸಡಿಲಾಗಿ ಶ್ರುತಿ ಇಳಿದಿರುತ್ತದೆ, ಅಲ್ಲಿಯೇ ಸರಿಮಾಡಬೇಕು.

ಸಂಜೆಕೂಟ: ‘ಕರ್ಣಭೇದನ’ವೇ ಸರಿ. ಕುಂತಿಯೂ ಬೇಕಾ?

ಪಡುಬಿದ್ರೆ ಶ್ರುತಿ: ಸೇರಿಸಿದರೆ ಎರಡೂವರೆ ಗಂಟೆ ಆದೀತು. ಅವರೆದುರು ಕುಂತಿಯ ಅರ್ಥ ಹೇಳಿದವರು ಕೂಟದಲ್ಲಿ ಇದ್ದರೆ ಖಂಡಿತ ಸೇರಿಸಿ, ಇಲ್ಲದಿದ್ದರೆ ಇಬ್ಬರೇ ಸಾಕು.