ಹಳೇ ಡಿಗ್ರಿ ಮಾರ್ಕ್ಸ್ ಕಾರ್ಡ್ ಕಳೆದೋಗಿದೆ, ಯಾವ ಆಫೀಸಿಗೆ ಹೋಗ್ಬೇಕು?

ಅಕ್ಕ ಚಿಂತಾಮಣಿಲಿ 2013ರಲ್ಲಿ ಬಿಕಾಂ ಮುಗಿಸಿದ್ದು, ಮನೆ ಶಿಫ್ಟ್ ಮಾಡೋವಾಗ ಮಾರ್ಕ್ಸ್ ಕಾರ್ಡ್ ಎಲ್ಲೋ ಹೋಯ್ತು, ಈಗ ಕೆಲಸಕ್ಕೆ ಅರ್ಜೆಂಟ್ ಬೇಕು. ಕೋಲಾರದ ತಮಕದಲ್ಲಿರೋ ಬೆಂಗಳೂರು ಉತ್ತರ ವಿವಿಗೆ ಹೋಗ್ಬೇಕಾ ಬೆಂಗಳೂರಿಗಾ? ಗೊತ್ತಿರೋರು ಹೇಳಿ ಪ್ಲೀಸ್.

ಉತ್ತರ 1: ತಮಕ ಬೇಡ. ಬೆಂಗಳೂರು ಉತ್ತರ ವಿವಿ ಶುರುವಾಗಿದ್ದೇ 2017ರಲ್ಲಿ, ಅದಕ್ಕೂ ಮುಂಚೆ ನಮ್ಮ ಕಡೆ ಡಿಗ್ರಿ ಕಾಲೇಜುಗಳು ಬೆಂಗಳೂರು ವಿವಿ ಕೆಳಗಿದ್ವು, ಅದರ ಜ್ಞಾನಭಾರತಿ ಕ್ಯಾಂಪಸ್‌ಗೇ ಹೋಗಿ.

ಉತ್ತರ 2: ಅಲ್ಲಿ ಹೋಗಿ ಸುಮ್ನೆ ರಿಜಿಸ್ಟ್ರಾರ್ ಆಫೀಸ್ ಅಂತ ಕೇಳ್ಬೇಡಿ, ಇಬ್ರು ಕುಲಸಚಿವರು (ರಿಜಿಸ್ಟ್ರಾರ್) ಇರ್ತಾರೆ, ಒಬ್ರು ಆಡಳಿತ ನೋಡ್ತಾರೆ, ಪರೀಕ್ಷೆ ಮಾರ್ಕ್ಸ್ ಕಾರ್ಡ್ ಎಲ್ಲ ಮೌಲ್ಯಮಾಪನ ಕುಲಸಚಿವರ ಕಡೆ. ಪೊಲೀಸ್ ಕಂಪ್ಲೇಂಟ್ ಕಾಪಿ, ಅಫಿಡವಿಟ್ ರೆಡಿ ಇಟ್ಕೊಳ್ಳಿ. ರಿಜಿಸ್ಟರ್ ನಂಬರ್ ನೆನಪಿಲ್ಲಾಂದ್ರೆ ಮೊದ್ಲು ಕಾಲೇಜಲ್ಲೇ ವಿಚಾರಿಸಿ.

ತುಂಬಾ ಥ್ಯಾಂಕ್ಸ್ ಅಣ್ಣ, ನಾಳೆ ಕಾಲೇಜಿಗೆ ಹೋಗ್ತೀವಿ.