ದಾವಣಗೆರೆಯಿಂದ ಡಾಲ್ಫಿನ್ ನೋಡಲು ಹೊರಟಿದ್ದೇವೆ, ಸಣ್ಣ ದೋಣಿ ಸಿಗುತ್ತದಾ?

ವಿದ್ಯಾನಗರದ ಅಮ್ಮ:
ಮಗಳಿಗೆ ಒಂಬತ್ತು ವರ್ಷ, ಡಾಲ್ಫಿನ್ ಅಂದರೆ ಪ್ರಾಣ. ಕ್ರಿಸ್‌ಮಸ್ ರಜೆಗೆ ಕಾರವಾರಕ್ಕೆ ಹೋಗೋಣ ಅಂತಿದ್ದೇವೆ. ಹೋದ ವರ್ಷ ಕರಾವಳಿಯಲ್ಲೇ ಬೇರೊಂದು ಕಡೆ ಹೋಗಿ ಸಾಕಾಗಿತ್ತು. ಒಂದೇ ದೋಣಿಗೆ ಮೂವತ್ತು ಜನ, ಮೇಲೆ ಡಿಜೆ ಹಾಡು. ಡಾಲ್ಫಿನ್ ಅಂತ ಯಾರೋ ಕೂಗಿದ್ದೇ ತಡ, ಎಲ್ಲರೂ ಒಂದೇ ಕಡೆಗೆ ಎದ್ದು ನಿಂತರು. ದೋಣಿ ವಾಲಿತು. ಮಗಳಿಗೆ ಕಂಡಿದ್ದು ಮುಂದಿದ್ದವರ ಬೆನ್ನು ಮಾತ್ರ. ನಾಲ್ಕೈದು ಜನ ಹೋಗುವಂಥ ದೋಣಿ ಸಿಗುತ್ತದಾ? ನಮ್ಮತ್ತೆಯೂ ಬರುತ್ತಾರಂತೆ.

ಹರಿಹರದವ:
ಸೂಳೆಕೆರೆಗೆ ಹೋಗಿ, ಬುತ್ತಿ ಕಟ್ಟಿಕೊಂಡು ಹೋದರೆ ಸಂಜೆಗೆ ಮನೆ. ಡಾಲ್ಫಿನ್ ಮಾತ್ರ ಕೇಳಬೇಡಿ 😄

ಮಂಡಿಪೇಟೆ ಅಂಗಡಿ:
ಸಿಗುತ್ತದೆ ಮೇಡಂ. ನಾವು ಎರಡು ಸಲ ಹೋಗಿದ್ದೇವೆ. ಕಾಳಿ ನದಿ ಸಮುದ್ರ ಸೇರುವ ಕಡೆ, ದೇವಬಾಗ, ಕೂರ್ಮಗಡ ದ್ವೀಪದ ಸುತ್ತಮುತ್ತ ಕಾಣುತ್ತವೆ. ಅಲ್ಲಿಯವು ಗೂನು ಬೆನ್ನಿನ ಜಾತಿ. ದಡಕ್ಕೆ ಹತ್ತಿರ, ಅಳಿವೆ ಬಾಯಲ್ಲಿ ಮೀನು ಹುಡುಕುತ್ತಾ ಇರುತ್ತವೆ, ಹಾಗಾಗಿ ತುಂಬಾ ದೂರ ಹೋಗಬೇಕಿಲ್ಲ. ಟಿವಿಯಲ್ಲಿ ತೋರಿಸುವ ಹಾಗೆ ಎಗರಿ ಕುಣಿಯುತ್ತವೆ ಅಂತ ಮಗಳಿಗೆ ಆಸೆ ಹುಟ್ಟಿಸಬೇಡಿ. ಬೂದು ಬೆನ್ನು ಮೇಲೆ ಬರುತ್ತದೆ, ಮುಳುಗುತ್ತದೆ. ಅಷ್ಟೇ.

ಮೊದಲ ಸಲ ನಾನೂ "ಹತ್ತಿರ ಬಿಡಣ್ಣಾ" ಅಂತ ಕೂಗಿದವನೇ. ಎಂಜಿನ್ ಜೋರು ಮಾಡಿದಷ್ಟೂ ಅವು ದೂರ ಹೋದವು. ಎರಡನೇ ಸಲ ಸಿಕ್ಕ ದೋಣಿಯವರು ವಯಸ್ಸಾದವರು. ಒಂದು ಕಡೆ ಎಂಜಿನ್ ಆಫ್ ಮಾಡಿ, ಬೀಡಿ ಹಚ್ಚಿ ಸುಮ್ನೆ ಕೂತುಬಿಟ್ಟರು. ಹತ್ತು ನಿಮಿಷ ಏನೂ ಇಲ್ಲ. ದುಡ್ಡು ದಂಡ ಅಂದಳು ನನ್ನ ಹೆಂಡತಿ. ಅಷ್ಟರಲ್ಲಿ ಬೆನ್ನ ಹಿಂದೆ 'ಫುಸ್' ಅಂತ ಸದ್ದು. ಕುಕ್ಕರ್ ಕೂಗುವ ಮುಂಚೆ ಹಬೆ ಬಿಡುತ್ತದಲ್ಲ, ಥೇಟ್ ಹಾಗೆ. ತಿರುಗಿದರೆ ತಾಯಿ, ಅದರ ಪಕ್ಕಕ್ಕೆ ಅಂಟಿಕೊಂಡ ಹಾಗೆ ಮರಿ. ಮೊಬೈಲ್ ತೆಗೆಯುವಷ್ಟರಲ್ಲಿ ಮಾಯ.

ಅದಕ್ಕೇ ಹೇಳುವುದು, ರೇಟಿನ ಚೌಕಾಸಿ ಆಮೇಲೆ ಮಾಡಿ. ಎಷ್ಟು ಜನ ಹತ್ತಿಸುತ್ತೀರಿ, ಡಾಲ್ಫಿನ್ ಕಂಡಾಗ ಎಂಜಿನ್ ಆಫ್ ಮಾಡುತ್ತೀರಾ ಅಂತ ಮೊದಲು ಕೇಳಿ. ಲೈಫ್ ಜಾಕೆಟ್ ಎಲ್ಲರಿಗೂ ಇರಲೇಬೇಕು, ಮಗುವಿಗೆ ಮಗುವಿನ ಅಳತೆಯದ್ದೇ. 2019ರ ಜನವರಿಯಲ್ಲಿ ಇದೇ ಕೂರ್ಮಗಡದ ಜಾತ್ರೆಯಿಂದ ವಾಪಸ್ ಬರುವಾಗ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ಹೋದರು.

ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲೆ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ಬೆಳಿಗ್ಗೆ ಬೇಗ ದೋಣಿ ಹತ್ತಿ, ಮಧ್ಯಾಹ್ನ ಗಾಳಿ ಎದ್ದರೆ ಅಲೆ ಜಾಸ್ತಿ. ಹೊಟ್ಟೆಗೆ ಎರಡು ಇಡ್ಲಿ ಸಾಕು. ಬೆಣ್ಣೆ ದೋಸೆ ತಿಂದು ಹತ್ತಿದರೆ ಏನಾಗುತ್ತದೆ ಅಂತ ನನ್ನ ಭಾವಮೈದುನನ್ನು ಕೇಳಿ.

ಕೋಟೆ ಊರಿನ ಸೊಸೆ:
ನಾನು ಹೊನ್ನಾವರದವಳು, ಚಿತ್ರದುರ್ಗಕ್ಕೆ ಕೊಟ್ಟಿದ್ದಾರೆ. ನಿಮ್ಮತ್ತೆಗೆ ಅಲೆ ಆಗಿಬರದಿದ್ದರೆ ನಮ್ಮೂರಿಗೆ ಬನ್ನಿ. ಶರಾವತಿ ಹಿನ್ನೀರಲ್ಲ, ಸಮುದ್ರ ಸೇರುವ ಕಡೆಯ ಶರಾವತಿ. ಉಪ್ಪುನೀರಲ್ಲಿ ಬೇರು ಬಿಟ್ಟು ನಿಲ್ಲುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ದೋಣಿ ಹೋಗುತ್ತದೆ, ನೀರು ಅಲುಗಾಡುವುದೇ ಕಡಿಮೆ. ಇಳಿತದ ಹೊತ್ತಿಗೆ ಹೋದರೆ ಕೆಸರಲ್ಲಿ ಏಡಿ, ಬೇರುಗಳ ಮೇಲೆ ಮಿಂಚುಳ್ಳಿ, ಮೇಲೆ ಗರುಡ. ಡಾಲ್ಫಿನ್ ಗ್ಯಾರಂಟಿ ಕೊಡಲ್ಲ. ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡಲು ನಮ್ಮ ಕಡೆ ಮರಳಿಗೆ ಬರುತ್ತವೆ. ರಾತ್ರಿ ದಂಡೆಗೆ ಹೋದರೆ ಟಾರ್ಚ್ ಬಿಡಬೇಡಿ, ಬೆಳಕಿಗೆ ಹೆದರಿ ವಾಪಸ್ ಹೋಗಿಬಿಡುತ್ತವೆ.

ವಿದ್ಯಾನಗರದ ಅಮ್ಮ:
ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಮೊದಲು ಹೊನ್ನಾವರ, ಆಮೇಲೆ ಕಾರವಾರ ಅಂತ ಅವರೇ ತೀರ್ಮಾನ ಮಾಡಿದರು. ಮಗಳು ಮಾತ್ರ ಅಡುಗೆಮನೆಯಲ್ಲಿ ಕುಕ್ಕರ್ ಮುಂದೆ ಕೂತಿದ್ದಾಳೆ, ಕಿವಿ ಕೊಟ್ಟು.